ಮುಂಗೈಯ ಮೇಲಿನ ಹಾಡು

ಮುಲುಂಡಿನಿಂದ ಬೆಳಗಿನ ಲೋಕಲ್ ಹಿಡಿಯುವ ನಮ್ಮ ಮಕ್ಕಳಲ್ಲಿ ಕೆಲವರು ಎಡ ಮುಂಗೈಯ ಮೇಲೆ ಬಾಲ್‌ಪೆನ್ನಿನಲ್ಲಿ ಕನ್ನಡ ಭಾವಗೀತೆಯೊಂದರ ಸಾಲನ್ನು ಬರೆದುಕೊಂಡು ಹೊರಡುತ್ತಾರೆ. ಪರೀಕ್ಷೆಯೋ ಸಂದರ್ಶನವೋ ಇದ್ದ ದಿನ, ನೂಕುನುಗ್ಗಲಿನಲ್ಲಿ ಹಿಡಿಕೆಗೆ ಕೈಚಾಚಿದಾಗ ಅದು ಕಣ್ಣಿಗೆ ಬೀಳುತ್ತದೆ. ಅಷ್ಟು ಧೈರ್ಯ ಸಾಕೆನ್ನುತ್ತಾರೆ. ಹಿರಿಯರು ಮೂಗು ಮುರಿಯುತ್ತಾರೆ: ಮೈಯೇನು ಪಾಟಿಯೇ?

ಈ ಆಕ್ಷೇಪವನ್ನು ನಾವು ಒಪ್ಪಲಾರೆವು. ಕೊರವಂಜಿಯ ಮುಂದೆ ಕೈಯೊಡ್ಡಿ ಹಚ್ಚೆ ಹಾಕಿಸಿಕೊಂಡ ಅಜ್ಜಿಯರ ಮೊಮ್ಮಕ್ಕಳು ನಾವು. ಅವರ ಹಚ್ಚೆ ಚಿತೆಯವರೆಗೂ ಜೊತೆಗಿತ್ತು. ಈ ಶಾಯಿ ಸಂಜೆಯ ಬೆವರಿಗೇ ಅಳಿಯುತ್ತದೆ, ಮರುದಿನ ಮತ್ತೆ ಬರೆಯಬೇಕು. ನಮಗೆ ಹಿಡಿಸಿದ್ದೂ ಅದೇ. ಸರ್ಕಾರಕ್ಕೂ ಮೈಬರಹ ಅಪರಿಚಿತವಲ್ಲ: ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ನೇಮಕಾತಿಯಲ್ಲಿ ಎಡ ಮುಂಗೈಯ ಒಳಬದಿಗೆ ಧಾರ್ಮಿಕ ಚಿಹ್ನೆಯ, ಹೆಸರಿನ ಹಚ್ಚೆ ಸಲ್ಲುತ್ತದೆ. (ಹಾಡಿನ ಪ್ರಸ್ತಾಪವಿಲ್ಲ. ಕಡತದವರಿಗೆ ಹಾಡು ಹೊಳೆಯುವುದುಂಟೇ? ನಾವೂ ಕಡತದವರೇ.)

ನಾಚಬೇಕಾದ ಸಂಗತಿ ಬೇರೆಯೇ ಇದೆ. ಆ ಸಾಲುಗಳನ್ನು ಹತ್ತಿರದಿಂದ ನೋಡಿರಿ: ಹಾಡು ಕನ್ನಡದ್ದು, ಲಿಪಿ ಮರಾಠಿಯ ದೇವನಾಗರಿ. ಹ್ರಸ್ವ ‘ಎ’, ‘ಒ’ಗಳಿಗೆ ಅಲ್ಲಿ ಅಕ್ಷರವೇ ಇಲ್ಲ, ‘ಒಲವು’ ‘ಓಲವು’ ಆಗಿರುತ್ತದೆ, ‘ಕೆರೆ’ ‘ಕೇರೇ’ ಆಗಿರುತ್ತದೆ. ಇದಕ್ಕೆ ಮಕ್ಕಳು ಹೊಣೆಯೇ? ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತ ಬಂದಿದೆ. ಅವನ್ನು ದಾಟಿಕೊಂಡು ಹೋಗಿ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದವರು ನಾವು, ಇಂಗ್ಲಿಷ್ ಎಂ.ಎ. ಪದವಿಯ ಬಿಂಕದಲ್ಲಿ ಆ ಸಾಲಿನ ಮೊದಲಿಗೇ ನಿಂತವರು. ಮನೆಯಲ್ಲಿ ಮಾತು ಕನ್ನಡವಿದ್ದರೆ ಸಾಕೆಂದು ಅಕ್ಷರದ ಗೊಡವೆಗೇ ಹೋಗಲಿಲ್ಲ. ಈಗ ಮುಂಗೈ ನೋಡಿ ಸಂಸ್ಕೃತಿಯ ಉಪದೇಶ ಬೇರೆ!

ಮೊನ್ನೆ ಮಗಳ ಕೈಹಿಡಿದು, ಆ ‘ಓ’ವನ್ನು ಹೊಡೆದುಹಾಕಿ, ಕನ್ನಡದ ‘ಒ’ ಬರೆದುಕೊಟ್ಟೆವು. ಒಂದು ನಿಮಿಷವೂ ಹಿಡಿಯಲಿಲ್ಲ. ಅವಳಿಗೀಗ 17 ವರ್ಷ.