ಅಂಗಡಿಯ ದೀಪವೂ ಊರಿನ ಆಟವೂ

ಬೆಳಗ್ಗೆ ಬಾಗಿಲು ತೆರೆದೊಡನೆ ಹೊಸ್ತಿಲಿಗೆ ನೀರು ಚಿಮುಕಿಸಿ, ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಪಟಕ್ಕೆ ಊದುಬತ್ತಿ ಬೆಳಗಿ, ಬೋಣಿಯ ಹಣವನ್ನು ಕಣ್ಣಿಗೊತ್ತಿಕೊಂಡು ವ್ಯಾಪಾರಕ್ಕೆ ಕೂಡುವ ಚಿಕ್ಕ ಅಂಗಡಿಕಾರನನ್ನು ನಮ್ಮ ಓದುಗರಲ್ಲಿ ಕಾಣದವರಿಲ್ಲ. ಉಡುಪಿಯ ದಿನಸಿ ಅಂಗಡಿಯಾಗಲಿ, ಮುಂಬಯಿಯ ಚಾಳಿನ ಕೆಳಗಿನ ಬೀಡಾ ಅಂಗಡಿಯಾಗಲಿ, ಕ್ರಮವೊಂದೇ. ಈಗ ಬೋಣಿಯ ಹಣ ಮೊಬೈಲಿನ ಮೂಲಕ ಬಂದು, ಬಂದಿತೆಂಬ ಸುದ್ದಿಯನ್ನು ಪುಟ್ಟ ಡಬ್ಬಿಯೊಂದು ಕೂಗಿ ಹೇಳುತ್ತದೆ. ಆದರೂ ಕೈಗಳು ತಾವಾಗಿಯೇ ಪಟದ ಕಡೆಗೆ ಜೋಡಿಸಲ್ಪಡುತ್ತವೆ. ಇದನ್ನು ಕಂಡು ನಗುವವರಿದ್ದಾರೆ. ಆ ನಗೆಯಲ್ಲಿ ನಾವು ಪಾಲುಗೊಳ್ಳಲಾರೆವು. ನಾಳೆ ಎಷ್ಟು ವ್ಯಾಪಾರವಾದೀತೆಂದು ಹೇಳಲಾರದವನು, ಕಡದ ಪುಸ್ತಕದ ಬಾಕಿ ಬಂದೀತೋ ಬಾರದೋ ಎಂದರಿಯದವನು, ದಿನದ ಮೊದಲ ಗಳಿಗೆಯಲ್ಲಿ ಕೈಮುಗಿದು ಧೈರ್ಯ ತಂದುಕೊಳ್ಳುವುದರಲ್ಲಿ ನಗತಕ್ಕದ್ದೇನೂ ಇಲ್ಲ.

ಗಮನಿಸತಕ್ಕ ವಿಷಯ ಬೇರೊಂದಿದೆ. ಈ ನಿತ್ಯದ ನಂಬಿಕೆಯೇ ನಮ್ಮ ಕರಾವಳಿಯ ಜನಪದ ಕಲೆಗಳಿಗೆ ಅನ್ನವಿಕ್ಕಿದೆ. ಉಡುಪಿಯ ಅಷ್ಟಮಿಯಲ್ಲಿಯೂ ಮಂಗಳೂರಿನ ನವರಾತ್ರಿಯಲ್ಲಿಯೂ ಹುಲಿವೇಷದ ತಂಡಗಳು ಅಂಗಡಿ ಅಂಗಡಿಯ ಮುಂದೆ ನಿಂತು ಕುಣಿಯುತ್ತವೆ. ಕುಣಿಯುವವರಲ್ಲಿ ಹರಕೆ ಹೊತ್ತು ಬಣ್ಣ ಬಳಿಸಿಕೊಂಡವರೂ ಇರುತ್ತಾರೆ. ಕೊಡುವ ಅಂಗಡಿಕಾರನೂ ಅದನ್ನು ನಷ್ಟವೆಂದು ಎಣಿಸುವುದಿಲ್ಲ. ಮಳೆಗಾಲದ ಸಂಜೆ ಚಿಕ್ಕಮೇಳದವರು ಮನೆಮನೆಗೆ ಬಂದು, ದೀಪದ ಮುಂದೆ ಕಿಂಚಿತ್ಕಾಲ ಕುಣಿದು, ಅಕ್ಕಿ, ತೆಂಗಿನಕಾಯಿ, ಕಾಣಿಕೆಗಳನ್ನು ಪಡೆದು ಮುಂದಕ್ಕೆ ಹೋಗುತ್ತಾರೆ. ಕಟೀಲು, ಮಂದಾರ್ತಿ ಮೊದಲಾದ ಕ್ಷೇತ್ರಗಳ ಮೇಳಗಳಿಂದ ಹರಕೆಯಾಟ ಆಡಿಸಲು ಹೆಸರು ಬರೆಸಿ, ವರ್ಷಗಟ್ಟಲೆ ಸರದಿ ಕಾಯುವವರಿದ್ದಾರೆ. ಒಬ್ಬನ ಕೈಗೆ ಎಟುಕದಾಗ ಹತ್ತು ಸಮಸ್ತರು ಕೂಡಿ ಆಡಿಸುವುದೂ ಉಂಟು. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆತುದು ನಮಗೆ ಹೆಮ್ಮೆಯ ಸಂಗತಿ. ಆದರೆ ಗ್ರಂಥ ಹುಟ್ಟುವುದಕ್ಕೆ ಬಹು ಮೊದಲೇ ಕಲೆಯನ್ನು ಬದುಕಿಸಿದವರಲ್ಲಿ ಈ ಹರಕೆಯ ಜನರೂ ಇದ್ದರೆಂಬುದನ್ನು ಮರೆಯಲಾಗದು.

ಹರಕೆಯಾಟದಲ್ಲಿ ಹಣ ಕೊಡುವವನೊಬ್ಬ, ನೋಡುವವರು ಊರೆಲ್ಲ. ಗದ್ದೆಯಲ್ಲಿ ರಂಗಸ್ಥಳ ಕಟ್ಟಿದ ಮೇಲೆ ಅಲ್ಲಿ ಟಿಕೇಟಿಲ್ಲ, ಕಾದಿರಿಸಿದ ಕುರ್ಚಿಯ ಹಂಗಿಲ್ಲ. ದಿನವಿಡೀ ದುಡಿದವನು ಉಂಡು ತಡವಾಗಿ ಬಂದು ಕುಳಿತರೂ, ಬೆಳಗಿನವರೆಗೆ ಆಟ ಅವನಿಗಾಗಿಯೂ ನಡೆಯುತ್ತಿರುತ್ತಿತ್ತು. ದುಡಿಯುವವನ ಹೊತ್ತಿಗೆ ಹೊಂದಿಕೊಂಡ ಕಲೆಯಿದು.

ಮುಂಬಯಿಗೆ ಬಂದಾಗ ಇದರ ಗತಿಯೇನಾಯಿತು? ಮಳೆಗಾಲದಲ್ಲಿ ಊರಿನ ಕಲಾವಿದರು ಇಲ್ಲಿಗೆ ಬರುತ್ತಾರೆ. ಸಂಘಸಂಸ್ಥೆಗಳು ಆದರದಿಂದ ಆಟ ಏರ್ಪಡಿಸುತ್ತವೆ. ಆ ಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಹುಪಾಲು ಆಟಗಳು ಆದಿತ್ಯವಾರದ ಅಪರಾಹ್ನ, ಸಭಾಗೃಹದಲ್ಲಿ, ಮೂರು ನಾಲ್ಕು ತಾಸಿನ ಮಿತಿಯಲ್ಲಿ. ಅದರಲ್ಲಿಯೂ ಶಾಲು, ಹಾರ, ಭಾಷಣಗಳಿಗೆ ಸಲ್ಲುವ ಭಾಗ ಕಡಮೆಯದಲ್ಲ. ಆದಿತ್ಯವಾರವೆಂದರೆ ಹೋಟೆಲಿನಲ್ಲಿ ಗಿರಾಕಿಗಳ ನೂಕುನುಗ್ಗಲು. ಗಲ್ಲೆಯಲ್ಲಿ ಕುಳಿತವನು, ದೋಸೆ ಹುಯ್ಯುವವನು, ಮೇಜು ಒರೆಸುವ ಹುಡುಗ, ಇವರಾರೂ ಏಳುವಂತಿಲ್ಲ. ಯಾರ ಊರಿನ ಕಲೆಯೋ ಅವರೇ ಹೊರಗುಳಿದರು! ಇದು ಶೋಚನೀಯವಲ್ಲವೇ?

ಇಡೀ ರಾತ್ರಿ ಬಯಲಿನಲ್ಲಿ ಆಡಿಸೋಣವೆಂದರೆ, 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕ ಸಲ್ಲದು. ಆ ನಿಯಮ ತಪ್ಪೆಂದು ನಾವು ಹೇಳೆವು. ರೋಗಿಗಳಿಗೂ ಮಕ್ಕಳಿಗೂ ನಿದ್ರೆ ಬೇಕು.

ಉಪಾಯ ನಮ್ಮ ಸಂಪ್ರದಾಯದಲ್ಲಿಯೇ ಇದೆ. ಅದು ತಾಳಮದ್ದಳೆ. ವೇಷ ಬೇಡ, ರಂಗಸ್ಥಳ ಬೇಡ, ಧ್ವನಿವರ್ಧಕವೂ ಬೇಡ. ಭಾಗವತರೊಬ್ಬರು, ಮದ್ದಳೆಯವರೊಬ್ಬರು, ನಾಲ್ಕಾರು ಮಂದಿ ಅರ್ಥಧಾರಿಗಳು ಚಾಪೆಯ ಮೇಲೆ ಕುಳಿತರೆ ಸಾಕು. ಚೆಂಡೆಯನ್ನು ಬಿಟ್ಟರೆ ನೆರೆಯವರ ನಿದ್ರೆಗೂ ಭಂಗವಿಲ್ಲ. ತಿಂಗಳಿಗೊಂದು ರಾತ್ರಿ, ಹೋಟೆಲಿನ ಬಾಗಿಲೆಳೆದ ಮೇಲೆ, ಮೇಜು ಬೆಂಚುಗಳನ್ನು ಬದಿಗೆ ಸರಿಸಿದರೆ ಅದೇ ರಂಗಸ್ಥಳ. ದೀಪಾವಳಿಯ ಅಂಗಡಿ ಪೂಜೆಗೆ ಧಾರಾಳವಾಗಿ ವ್ಯಯಿಸುವ ಮಾಲಿಕರು ಅದರಲ್ಲೊಂದು ಪಾಲನ್ನು ಇದಕ್ಕಾಗಿ ಎತ್ತಿಡಲಿ. ಭಾಗವತರಿಗೂ ಮದ್ದಳೆಯವರಿಗೂ ಸಲ್ಲತಕ್ಕ ಸಂಭಾವನೆಯನ್ನು ತಪ್ಪದೆ ಸಲ್ಲಿಸಲಿ. ಮರುದಿನ ಹುಡುಗರಿಗೆ ಎರಡು ತಾಸು ಹೆಚ್ಚು ಮಲಗಲು ಬಿಡಲಿ. ಹರಕೆಯ ಪುಣ್ಯ ಇದರಿಂದ ಕುಗ್ಗಲಾರದೆಂದು ನಮ್ಮ ನಂಬಿಕೆ.

ಕಚೇರಿಗಳಲ್ಲಿ ದುಡಿಯುವ ಬಂಧುಗಳಿಗೂ ಇಲ್ಲಿ ಕೆಲಸವಿದೆ. ತಾಳಮದ್ದಳೆಯ ಅರ್ಥ ಬರೆದಿಟ್ಟ ಮಾತಲ್ಲ. ಪದ್ಯ ಕೇಳಿ ಆ ಗಳಿಗೆಯಲ್ಲಿ ಕಟ್ಟಿ ಆಡತಕ್ಕದ್ದು. ಓದು ಬಲ್ಲವರು ಪ್ರಸಂಗ ವಿವರಿಸಿ, ಹೋಟೆಲಿನ ಹುಡುಗರನ್ನು ಅರ್ಥ ಹೇಳಲು ಹುರಿದುಂಬಿಸಲಿ. ಮನೆಯ ಮಕ್ಕಳನ್ನೂ ಕರೆತಂದು ಕೂರಿಸಲಿ. ಕನ್ನಡ ಓದಬಾರದ ಮಗುವಿಗೂ ಕಿವಿಯ ಮೂಲಕ ತುಂಬು ಕನ್ನಡ ತಲಪಲು ಇದಕ್ಕಿಂತ ಸುಲಭದ ದಾರಿ ನಮಗೆ ಕಾಣದು.

ದಿನವೂ ಪಟದ ಮುಂದೆ ದೀಪ ಹಚ್ಚುವ ಕೈಗಳು ಈ ನಗರದಲ್ಲಿ ಸಾವಿರಾರಿವೆ. ಆ ಬೆಳಕಿನಲ್ಲಿ ತನ್ನ ಹುಡುಗರಿಗೂ ಕುಳಿತುಕೊಳ್ಳಲು ಒಂದು ಚಾಪೆ ಹಾಸುವ ಮಾಲಿಕನು ಈ ಮಳೆಗಾಲದಲ್ಲಿಯೇ ಮುಂದೆ ಬರಲೆಂದು ನಾವು ಬಿನ್ನವಿಸುತ್ತೇವೆ.