ಡಬ್ಬಿಯ ಮೇಲೆ ಬರೆಯದ ಮದ್ದು

ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಇನ್ನು ಹದಿನೈದು ದಿನವಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಶಿವನಿಯ ನಮ್ಮ ಮನೆಗೆ ಒಬ್ಬ ತಂದೆ ಬಂದರು. ಅವರ ಮಗಳು 400 ಮೀಟರ್ ಓಡುವವಳು. ಚೀಲದಿಂದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ಜಗಲಿಯ ಮೇಲಿಟ್ಟು, ‘ಮೇಷ್ಟ್ರೇ, ಶಕ್ತಿ ಬರೋ ಪುಡಿಯಂತೆ. ಎಲ್ಲಾ ಗಿಡಮೂಲಿಕೆ ಅಂತ ಬರ್ದಿದೆ. ಮಗೂಗೆ ಕೊಡಬೋದಾ?’ ಎಂದರು.

ನಾನು ಅವರಿಗೆ ಅಶ್ವಿನಿ ಅಕ್ಕುಂಜಿಯವರ ವಿಷಯ ಹೇಳಿದೆ.

ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಕೃಷಿಕ ಕುಟುಂಬದ ಅಶ್ವಿನಿ, 2010ರ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದವರು. ಮರುವರ್ಷವೇ ಅವರ ಮೂತ್ರದ ಮಾದರಿಯಲ್ಲಿ ಮೆಥಾಂಡಿಯನೋನ್ ಎಂಬ ಉದ್ದೀಪನ ಮದ್ದು ಪತ್ತೆಯಾಯಿತು. ಜೊತೆಯ ಇನ್ನೂ ಕೆಲವು ಓಟಗಾರ್ತಿಯರೂ ಸಿಕ್ಕಿಬಿದ್ದರು. ತರಬೇತುದಾರರು ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಮಾತ್ರೆಯನ್ನಷ್ಟೇ ನುಂಗಿದ್ದೆವು ಎಂಬುದು ಅವರ ಹೇಳಿಕೆ. ಜಿನ್ಸೆಂಗ್ ಎಂದರೆ ಒಂದು ಗಿಡದ ಬೇರು.

ಪ್ರಯೋಗಾಲಯ ಇಂಥದ್ದನ್ನು ಹಿಡಿಯುವುದು ಹೇಗೆ? ಸೋಸುಕಾಗದದ ಮೇಲೆ ಕಪ್ಪು ಶಾಯಿಯ ಚುಕ್ಕೆಯಿಟ್ಟು ಅಂಚನ್ನು ನೀರಿಗೆ ತಾಗಿಸಿದಾಗ ಬಣ್ಣಗಳು ಬೇರೆ ಬೇರೆಯಾಗಿ ಮೇಲೇರುವುದನ್ನು ಹೈಸ್ಕೂಲಿನ ಮಕ್ಕಳು ನೋಡಿರುತ್ತಾರೆ. ತತ್ತ್ವ ಅದೇ. ಮೂತ್ರದಿಂದ ಬೇರ್ಪಡಿಸಿದ ಅಂಶವನ್ನು ಆವಿಯಾಗಿಸಿ, ಮೀಟರುಗಟ್ಟಲೆ ಉದ್ದದ ಸಪೂರ ಕೊಳವೆಯಲ್ಲಿ ಅನಿಲದೊಂದಿಗೆ ಓಡಿಸುತ್ತಾರೆ. ಇದೂ ಒಂದು ಓಟದ ಪಂದ್ಯವೇ! ಒಂದೊಂದು ರಾಸಾಯನಿಕ ಒಂದೊಂದು ಹೊತ್ತಿಗೆ ಗುರಿ ಮುಟ್ಟುತ್ತದೆ. ಅಲ್ಲಿ ಎಲೆಕ್ಟ್ರಾನುಗಳು ಬಡಿದು ಅಣುವನ್ನು ಚೂರು ಮಾಡುತ್ತವೆ, ಯಂತ್ರ ಆ ಚೂರುಗಳನ್ನು ತೂಗುತ್ತದೆ. ಯಾವ ತೂಕದ ಚೂರು ಎಷ್ಟೆಷ್ಟು ಎಂಬುದೇ ಆ ಅಣುವಿನ ಬೆರಳಚ್ಚು. ಒಂದು ಮಿಲಿಲೀಟರಿನಲ್ಲಿ ಕೆಲವೇ ನ್ಯಾನೊಗ್ರಾಂ ಇದ್ದರೂ ಸಾಕು. ನ್ಯಾನೊಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯ ಒಂದು ಪಾಲು.

ಮದ್ದು ನಿಲ್ಲಿಸಿದರೂ ಅದರ ಸುಳಿವು ಉಳಿಯುತ್ತದೆ. ಯಕೃತ್ತು ಅದನ್ನು ಬೇರೆ ಬೇರೆ ರೂಪಗಳಿಗೆ ಬದಲಿಸಿ ಹೊರಹಾಕುತ್ತದೆ. ಮೆಥಾಂಡಿಯನೋನಿನ ಇಂಥ ಒಂದು ರೂಪ 19 ದಿನಗಳವರೆಗೂ ಮೂತ್ರದಲ್ಲಿ ಸಿಗುತ್ತದೆಂದು ಜರ್ಮನಿಯ ಕೊಲೋನ್ ನಗರದ ಸಂಶೋಧಕರು 2006ರಲ್ಲಿ ತೋರಿಸಿದರು.

ಆದರೆ ಇಷ್ಟೆಲ್ಲ ಬಲ್ಲ ಯಂತ್ರಕ್ಕೆ ಒಂದು ವಿಷಯ ಮಾತ್ರ ಗೊತ್ತಾಗುವುದಿಲ್ಲ. ಮದ್ದು ಒಳಗೆ ಬಂದದ್ದು ತಿಳಿದೋ, ತಿಳಿಯದೆಯೋ? ಅದೇ ಕೊಲೋನಿನವರು 2000ದ ಆಸುಪಾಸಿನಲ್ಲಿ 13 ದೇಶಗಳಲ್ಲಿ ಕೊಂಡ 634 ಬಗೆಯ ಪುಡಿ, ಮಾತ್ರೆಗಳನ್ನು ಪರೀಕ್ಷಿಸಿದ್ದರು. ಹಾರ್ಮೋನಿನ ಮಾತೇ ಇಲ್ಲದ ಡಬ್ಬಿಗಳವು. 94ರಲ್ಲಿ ಹಾರ್ಮೋನಿನಂಥ ವಸ್ತುಗಳು ಸಿಕ್ಕಿದವು. ಹಾಗಾಗಿ ಜಿನ್ಸೆಂಗ್ ಕಥೆಯನ್ನು ಕಟ್ಟುಕಥೆಯೆಂದು ತಳ್ಳಿಹಾಕುವಂತಿರಲಿಲ್ಲ. 2011ರ ಡಿಸೆಂಬರಿನಲ್ಲಿ ನಮ್ಮ ದೇಶದ ಶಿಸ್ತು ಸಮಿತಿ ಅದನ್ನು ಒಪ್ಪಿ ಒಂದು ವರ್ಷದ ನಿಷೇಧ ವಿಧಿಸಿತು. 2012ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ದೇಹದೊಳಗೆ ಹೋಗುವುದಕ್ಕೆಲ್ಲ ಆಟಗಾರರೇ ಹೊಣೆ ಎಂಬುದು ಅಲ್ಲಿನ ನಿಯಮ. ಲಂಡನ್ ಒಲಿಂಪಿಕ್ಸ್ ಅಶ್ವಿನಿಯವರ ಕೈತಪ್ಪಿತು. ನಿಯಮ ಕಠಿಣವೆಂದು ನನಗೂ ಅನಿಸುತ್ತದೆ. ಸಡಿಲಿಸಿದರೆ ಪ್ರತಿಯೊಬ್ಬರೂ ಜಿನ್ಸೆಂಗ್ ಎನ್ನುತ್ತಾರೆಂಬುದೂ ನಿಜ.

ಆ ತಂದೆ ಎಲ್ಲ ಕೇಳಿ, ‘ಅದೆಲ್ಲಾ ದೊಡ್ಡೋರಿಗೆ ಮೇಷ್ಟ್ರೇ. ಅಜ್ಜಂಪುರದ ಮೈದಾನದಲ್ಲಿ ಯಾರು ಪರೀಕ್ಷೆ ಮಾಡ್ತಾರೆ?’ ಎಂದರು.

‘ಪರೀಕ್ಷೆಯ ಮಾತು ಬಿಡಿ’ ಎಂದೆ. ‘ಇಂಥ ಮದ್ದು ಯಕೃತ್ತನ್ನು ಕೆಡಿಸುತ್ತೆ. ಹೆಣ್ಣುಮಕ್ಕಳ ದನಿ ಗಡುಸಾದರೆ ಮತ್ತೆ ಮೊದಲಿನಂತೆ ಆಗದೇ ಇರಬಹುದು. ಬೆಳೆಯೋ ವಯಸ್ಸಿನಲ್ಲಿ ಮೂಳೆಯ ತುದಿ ಬೇಗ ಕೂಡಿಕೊಂಡು ಎತ್ತರವೇ ನಿಂತುಹೋಗಬಹುದು. ಈ ಡಬ್ಬಿಯಲ್ಲಿ ಅದಿದೆ ಅಂತ ನಾನು ಹೇಳ್ತಿಲ್ಲ. ಇಲ್ಲ ಅಂತ ಹೇಳೋಕೆ ನನ್ನ ಹತ್ತಿರ ಆ ಯಂತ್ರವಿಲ್ಲ.’

ಅವರು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಹುಡುಗಿ ಮನೆಯ ರಾಗಿಮುದ್ದೆ ಉಂಡೇ ಓಡಿ ಎರಡನೆಯವಳಾಗಿ ಬಂದಳು. ಡಬ್ಬಿ ಇನ್ನೂ ಅವರ ಮನೆಯ ಅಟ್ಟದ ಮೇಲಿದೆಯಂತೆ. ಅಷ್ಟು ದುಡ್ಡು ಕೊಟ್ಟು ತಂದದ್ದನ್ನು ಎಸೆಯಲು ಅವರಿಗೆ ಮನಸ್ಸು ಬಂದಿಲ್ಲ.