ಕರಡು ತಿದ್ದುವವರ ಹೊಟ್ಟೆಗೆ ಕನ್ನಡಾಭಿಮಾನ ಸಾಕೇ?

ಬೆಂಗಳೂರು, ಮೈಸೂರಿನ ಬಾಡಿಗೆ ಕೋಣೆಗಳಲ್ಲಿ ಕೂತು ಕನ್ನಡ ಪುಸ್ತಕಗಳ ಕರಡು ತಿದ್ದುತ್ತಿರುವ ಯುವ ಗೆಳೆಯರೇ, ರಾತ್ರಿ ಹನ್ನೊಂದಕ್ಕೆ 'ಇದೊಂಚೂರು ನೋಡಿಕೊಡಿ' ಎಂದು ಫೋನು ಬಂದರೆ ಇಲ್ಲ ಎನ್ನಲಾರದವರೇ, ಇದನ್ನು ನಿಮಗೇ ಬರೆಯುತ್ತಿದ್ದೇನೆ. ನಾನು ಕೊಳ್ಳೇಗಾಲದಲ್ಲಿ ಮುದ್ರಣಾಲಯ ನಡೆಸುವವನು. ಓದಿದ್ದು ಪಿಯುಸಿ. ಹನೂರು, ಯಳಂದೂರು ಕಡೆಯ ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಸಂಘದ ವರದಿ, ಕವನ ಸಂಕಲನ ಎಲ್ಲವೂ ನನ್ನ ಮೇಜು ದಾಟಿಯೇ ಹೋಗುತ್ತವೆ. ದುಡ್ಡು ಕೊಡದೆ ಕಾಗದ ಬರುವುದಿಲ್ಲ. ಬೈಂಡಿಂಗಿನವರು ಬಿಡುವುದಿಲ್ಲ. ಬಿಲ್ ಕಟ್ಟದಿದ್ದರೆ ಸೆಸ್ಕ್‌ನವರು ಬಂದು ಫ್ಯೂಸ್ ಕೀಳುತ್ತಾರೆ. ಲೆಕ್ಕದಲ್ಲಿ ಕೊನೆಗೆ ಬರುವುದು, ಬಹಳ ಸಲ ಬಾರದೆಯೇ ಹೋಗುವುದು ಒಬ್ಬರ ಕೂಲಿ ಮಾತ್ರ. ಕರಡು ತಿದ್ದಿದವರದ್ದು. ಯಾಕೆ ಸ್ವಾಮಿ? ಅವರದು 'ಕನ್ನಡ ಸೇವೆ'ಯಂತೆ!

ಅದು ಎಂಥ ಕೆಲಸ ಎಂದು ಮೊದಲು ತಿಳಿಯೋಣ. ಲಗ್ನಪತ್ರಿಕೆಯಲ್ಲಿ 'ಆದರದ ಸ್ವಾಗತ' ಎಂದಿರಬೇಕು. 'ಆ' ಎದ್ದು ಹೋಗಿ ಅಲ್ಲಿ 'ಹಾ' ಕೂತರೆ ಗತಿ ಏನು? ಬೀಗರು ಮಂಟಪದಲ್ಲೇ ಜಗಳಕ್ಕೆ ನಿಲ್ಲುತ್ತಾರೆ. ಎರಡೂ ಕನ್ನಡ ಪದಗಳೇ ಆದ್ದರಿಂದ ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ತೆಪ್ಪಗಿರುತ್ತದೆ. ಹಿಡಿಯುವುದು ಮನುಷ್ಯನ ಕಣ್ಣು. ಹಳೇ ನುಡಿ ಫಾಂಟಿನ ಕಡತವನ್ನು ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು ಒಂದು ಕಡೆ, ಅಕ್ಷರ ಒಂದು ಕಡೆ ಚೆಲ್ಲಿಕೊಂಡಿದ್ದನ್ನು ಒಂದೊಂದಾಗಿ ಹೆಕ್ಕುವುದೂ ಅದೇ ಕಣ್ಣು.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಯಾವುದನ್ನು ತಿದ್ದಬಾರದು ಎಂಬ ತಿಳಿವಳಿಕೆ! ನಮ್ಮ ಸೀಮೆಯಲ್ಲಿ ಹಟ್ಟಿಗೆ 'ಅಟ್ಟಿ' ಅಂತೀವಿ, ಹೋಗ್ತೀನಿ ಅನ್ನುವುದಕ್ಕೆ 'ಓಯ್ತೀನಿ' ಅಂತೀವಿ. ಕಥೆಯೊಳಗೆ ಹನೂರಿನ ಅಜ್ಜಿ 'ಓಯ್ತೀನಿ' ಅಂದರೆ ಅದೇ ಸರಿ. ಅಲ್ಲಿಗೆ 'ಹ'ಕಾರ ತಂದು ಕೂರಿಸುವವನು ಅಜ್ಜಿಯ ಬಾಯಿ ಹೊಲಿಯುತ್ತಾನೆ. ದೇವನೂರ ಮಹಾದೇವರ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಪ್ರತಿ ಸಾಲನ್ನೂ ಶಿಷ್ಟಗನ್ನಡಕ್ಕೆ 'ಸರಿಪಡಿಸಿದ್ದರೆ' ಉಳಿಯುತ್ತಿದ್ದದ್ದೇನು? 1956ರವರೆಗೆ ನಮ್ಮ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರಿನಲ್ಲಿತ್ತು. ಆಗ ಈ ಮಾತನ್ನು ಕಾಪಾಡಿದ್ದು ಕಚೇರಿಗಳಲ್ಲ, ಮಾದಪ್ಪನ ಕಥೆ ಹಾಡುವ ಕಂಸಾಳೆಯವರು, ಮನೆಮನೆಯ ಹೆಂಗಸರು. ಈಗ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಕೊಟ್ಟರೆ ಪುಕ್ಕಟೆಯಾಗಿ ತಿದ್ದಿಕೊಡುತ್ತದೆ ಎನ್ನುವವರಿದ್ದಾರೆ. ತಿದ್ದುತ್ತದೆ, 'ಅಟ್ಟಿ'ಯನ್ನೂ ಸೇರಿಸಿ! 'ಅಟ್ಟಿ'ಯನ್ನು ಬಿಟ್ಟು 'ಹಾದರ'ವನ್ನು ಮಾತ್ರ ಹಿಡಿಯುವ ಹುಡುಗ ಹುಡುಗಿಯರು ನಮ್ಮ ಮೂರು ತಾಲ್ಲೂಕುಗಳಿಂದಲೇ ಓದಿ ಹೊರಗೆ ಬಂದಿದ್ದಾರೆ. ಕೂಲಿ ಗಿಟ್ಟದೆ ಒಬ್ಬೊಬ್ಬರಾಗಿ ಕಾಲ್‌ಸೆಂಟರು ಸೇರುತ್ತಿದ್ದಾರೆ. ನನ್ನ ಹೊಟ್ಟೆ ಉರಿಯುವುದು ಇದಕ್ಕೇ.

ನಮ್ಮ ಕಡೆಯ ಒಬ್ಬ ಹುಡುಗಿ, ಕನ್ನಡ ಎಂ.ಎ. ಮಾಡಿದವಳು, ಮುನ್ನೂರು ಪುಟ ತಿದ್ದಿಕೊಟ್ಟು ಎಂಟು ತಿಂಗಳು ಕಾದಳು. ಪ್ರಕಾಶಕರ ಉತ್ತರ ಒಂದೇ: 'ಗ್ರಂಥಾಲಯದ ಬಿಲ್ ಬಂದಿಲ್ಲಮ್ಮ.' ಆ ಬಿಲ್ ತಡವಾಗುವುದು ನಿಜವೇ. ಆದರೆ ಕಾಗದದ ಅಂಗಡಿಗೆ ಹೋಗಿ ಈ ಮಾತು ಹೇಳುವ ಧೈರ್ಯ ಅವರಿಗಿದೆಯೇ?

ಆದ್ದರಿಂದ ಗೆಳೆಯರೇ, ನಾಚಿಕೆ ಬಿಡಿ. ಇದು ಕಸುಬು, ಕಸುಬಿನಂತೆ ನಡೆಸಿ. ಪುಟದ ಲೆಕ್ಕಕ್ಕೆ ಒಪ್ಪಬೇಡಿ. ಹನ್ನೆರಡು ಪಾಯಿಂಟಿನ ಅಕ್ಷರವನ್ನು ಹತ್ತಕ್ಕೆ ಇಳಿಸಿದರೆ ಪುಟ ಕರಗುತ್ತದೆ, ನಿಮ್ಮ ಕೂಲಿಯೂ ಕರಗುತ್ತದೆ. ಪದ ಎಣಿಸಿ ದರ ಹೇಳಿ. ಕಾಗುಣಿತ ನೋಡುವುದು ಬೇರೆ, ವಾಕ್ಯ ನೇರ ಮಾಡುವುದು ಬೇರೆ, ಅನುವಾದವನ್ನು ಮೂಲದ ಪಕ್ಕ ಇಟ್ಟು ನೋಡುವುದು ಬೇರೆ. ಮೂರಕ್ಕೂ ಒಂದೇ ದರ ಎಂದರೆ ಅದು ದರವಲ್ಲ, ದರೋಡೆ. ಎರಡು ಕರಡಿಗೆ ಇಷ್ಟು, ಮೂರನೆಯದಕ್ಕೆ ಬೇರೆ ಹಣ ಎಂದು ಮೊದಲೇ ಬರೆದು ಕಳಿಸಿ. ವಾಟ್ಸ್‌ಆಪ್‌ನಲ್ಲಾದರೂ ಸರಿ, ಬರಹದಲ್ಲಿ ಇರಲಿ. ಅರ್ಧ ಮುಂಗಡ ತೆಗೆದುಕೊಳ್ಳಿ. ಉಳಿದರ್ಧ ಪ್ಲೇಟ್ ಹಾಕುವ ಮೊದಲು ಕೈಗೆ ಬರಬೇಕು. ಮುದ್ರಕನಾಗಿ ಹೇಳುತ್ತೇನೆ, ಪ್ಲೇಟ್ ಆದ ಮೇಲೆ ನಿಮ್ಮ ಫೋನನ್ನು ಯಾರೂ ಎತ್ತುವುದಿಲ್ಲ!

ಕಾನೂನೂ ನಿಮ್ಮ ಕಡೆ ಇದೆ. 2020ರಿಂದ 'ಉದ್ಯಮ್' ನೋಂದಣಿ ಇದೆ. ಒಂದು ಪೈಸೆ ಖರ್ಚಿಲ್ಲ, ಒಬ್ಬರೇ ದುಡಿಯುವವರೂ ಸೇವಾ ಉದ್ಯಮವಾಗಿ ನೋಂದಾಯಿಸಬಹುದು. ಕೆಲಸ ಹಿಡಿಯುವ ಮೊದಲೇ ಮಾಡಿಸಿಕೊಳ್ಳಿ. ಆಗ 2006ರ ಸಣ್ಣ ಉದ್ದಿಮೆಗಳ ಕಾಯ್ದೆ ನಿಮಗೆ ಅನ್ವಯಿಸುತ್ತದೆ. ಕರಾರು ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು 2017ರಲ್ಲೇ 'ಸಮಾಧಾನ್' ಎಂಬ ವ್ಯವಸ್ಥೆ ಬಂತು. ಎಲ್ಲರ ಮೇಲೂ ದೂರು ಹೂಡಿ ಎನ್ನುತ್ತಿಲ್ಲ. ಬಿಲ್ಲಿನ ತಲೆಯಲ್ಲಿ ಉದ್ಯಮ್ ಸಂಖ್ಯೆ ಅಚ್ಚಾಗಿದ್ದರೆ ಎದುರಿನವರ ಮಾತಿನ ಧಾಟಿಯೇ ಬದಲಾಗುತ್ತದೆ. ಟಿಡಿಎಸ್ ಮುರಿದುಕೊಂಡರೆ ಅದು ನಿಮ್ಮ ಪ್ಯಾನ್ ಲೆಕ್ಕಕ್ಕೆ ಬಿದ್ದಿದೆಯೇ ನೋಡಿ, ರಿಟರ್ನ್ ಸಲ್ಲಿಸಿದರೆ ಹೆಚ್ಚಿಗೆ ಹೋದದ್ದು ವಾಪಸು ಬರುತ್ತದೆ.

ವರ್ಷದ ಲೆಕ್ಕವನ್ನೂ ಹಾಕಿಕೊಳ್ಳಿ. ನವೆಂಬರ್ ಎದುರಿಗೆ ಬಂದರೆ ಸ್ಮರಣ ಸಂಚಿಕೆಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ, ಮಳೆಗಾಲದಲ್ಲಿ ನೊಣ ಹೊಡೆಯಬೇಕು. ರಾಜ್ಯೋತ್ಸವದ ದುಡ್ಡಿನಲ್ಲಿ ಆಷಾಢಕ್ಕೂ ಸ್ವಲ್ಪ ಎತ್ತಿಡಿ.

ಇನ್ನು ನಮ್ಮ ಕನ್ನಡ ಸಂಘಟನೆಗಳ ನಾಯಕರಿಗೆ ಒಂದು ಮಾತು. ಶಾಮಿಯಾನಕ್ಕೆ, ಧ್ವನಿವರ್ಧಕಕ್ಕೆ, ಹಾರಕ್ಕೆ ಹಣ ಹುಟ್ಟುತ್ತದೆ, ಕರಪತ್ರದ ಕಾಗುಣಿತ ನೋಡಿದ ಹುಡುಗನಿಗೆ ಮಾತ್ರ ಶಾಲು! ಶಾಲನ್ನು ಅಂಗಡಿಯವನು ಅಕ್ಕಿಗೆ ಬದಲು ತೆಗೆದುಕೊಳ್ಳುತ್ತಾನೆಯೇ?

ಪುಸ್ತಕದ ಎರಡನೇ ಪುಟ ತೆರೆದು ನೋಡಿ. ಮುಖಪುಟ ಬರೆದವರ ಹೆಸರಿರುತ್ತದೆ, ಅಚ್ಚು ಮಾಡಿದ ನಮ್ಮ ಹೆಸರಿರುತ್ತದೆ. ಮುದ್ರಕನ ಹೆಸರು ಹಾಕಲೇಬೇಕು ಎಂದು ಬ್ರಿಟಿಷರು 1867ರಲ್ಲೇ ಕಾಯ್ದೆ ಮಾಡಿದ್ದರು, ಹಾಗಾಗಿ ಅದು ರೂಢಿಗೆ ಬಂತು. ತಿದ್ದಿದವರ ಹೆಸರು ಹಾಕಿ ಎಂದು ಯಾರೂ ಕಾಯ್ದೆ ಮಾಡಲಿಲ್ಲ. ಮುಂದಿನ ಕೆಲಸ ಒಪ್ಪಿಕೊಳ್ಳುವಾಗ ದರದ ಜೊತೆಗೆ ಅದನ್ನೂ ಬರೆದು ಕಳಿಸಿ: 'ಕರಡು ತಿದ್ದಿದವರು' ಎಂಬ ಒಂದು ಸಾಲು, ನಿಮ್ಮ ಹೆಸರು. ಆ ಸಾಲು ಕೂರಿಸಲು ನನ್ನ ಪ್ರೆಸ್ಸಿನಲ್ಲಿ ಜಾಗ ಇದ್ದೇ ಇದೆ.